ಬೇಡವೆಂದವರು ನಾವಲ್ಲ

ಎದೆ ಸೀಳುವ ಮೊದಲು ಕಾಲು ಎತ್ತಬೇಕು. ಹೃದಯದ ಬೈಪಾಸ್ ಆಪರೇಶನ್ನಿಗೆ ಬೇಕಾದ ರಕ್ತನಾಳವನ್ನು ಕಾಲಿನಿಂದ ತೆಗೆಯುತ್ತಾರೆ. ಹೃದಯದ ಕಟ್ಟಿಕೊಂಡ ನಾಳವನ್ನು ಸುತ್ತಿ ದಾಟಿ ರಕ್ತ ಹರಿಯಲು ಕಾಲಿನ ಆ ನಾಳವೇ ಹೊಸ ದಾರಿ. ಪಾದದಿಂದ ತೊಡೆಯವರೆಗೆ ನರ್ಸು ಕಂದು ಔಷಧಿ ಬಳಿದು ಮುಗಿಸುವತನಕ ಯಾರಾದರೂ ಆ ಕಾಲನ್ನು ಹಿಮ್ಮಡಿಯಲ್ಲಿ ಹಿಡಿದು ಮೇಲೆತ್ತಿರಬೇಕು. ಪ್ರಜ್ಞೆ ತಪ್ಪಿದವನ ಕಾಲು ಕೊರಡಿನಂತೆ ಭಾರ. ಹದಿನಾಲ್ಕು ವರ್ಷಗಳಿಂದ ಆ ಆಸ್ಪತ್ರೆಯಲ್ಲಿ ಆ ಕಾಲುಗಳನ್ನು ಎತ್ತಿ ಹಿಡಿದವಳು ಥಿಯೇಟರಕ್ಕ.

ಹೆಸರು ಓಣಿಯವರು ಇಟ್ಟಿದ್ದು. ಆಪರೇಶನ್ ಥಿಯೇಟರಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಕ್ಕದ ಮನೆಯ ಮುದುಕಿ ಅದು ಸಿನಿಮಾ ಥಿಯೇಟರೆಂದುಕೊಂಡು ಪುಕ್ಕಟೆ ಟಿಕೆಟ್ ಕೇಳಿದ್ದಳು. "ನಮ್ಮ ಥಿಯೇಟರಲ್ಲಿ ಟಿಕೆಟ್ ತಗೊಂಡ್ರೆ ಸೀದಾ ಮೇಲಕ್ಕೇ ಅಜ್ಜಿ, ನಿಂಗೆ ಅವಸರ ಇದ್ರೆ ಹೇಳು," ಎಂದು ಇವಳು ನಕ್ಕಿದ್ದಳು. ಅಂದಿನಿಂದ ಅವಳು ಥಿಯೇಟರಕ್ಕ.

ಕಾಲು ಹಿಡಿಯುವುದು ಅರ್ಧ ಗಂಟೆಯ ಕೆಲಸ. ಉಳಿದ ಹೊತ್ತೆಲ್ಲ ರಕ್ತದ ಕೆಲಸ. ನೆಲದ ಮೇಲೆ ಬಿದ್ದ ರಕ್ತ ಒಣಗುವ ಮೊದಲೇ ಒರೆಸಬೇಕು. ಒಣಗಿದರೆ ಮಂಡಿಯೂರಿ ಉಜ್ಜಬೇಕು. ಎದೆಯಿಂದ ಹೀರಿದ ರಕ್ತ ತುಂಬಿದ ಜಾಡಿಗಳನ್ನು ಎರಡೂ ಕೈಯಲ್ಲಿ ಹಿಡಿದು ಹೋಗಿ ಚೆಲ್ಲಬೇಕು. ಎದೆಯ ಮೂಳೆ ಕೊಯ್ಯುವಾಗ ಎದ್ದ ಬಿಳಿ ಪುಡಿ ಬಟ್ಟೆಗಳಿಗೆ ಮೆತ್ತಿಕೊಂಡಿರುತ್ತದೆ, ಅದನ್ನು ಕೊಡವಬೇಕು. ದಿನಕ್ಕೆ ಮೂರು ಎದೆ. ಕೆಲವು ದಿನ ನಾಲ್ಕು. ಮಧ್ಯಾಹ್ನ ಊಟ ಮೆಟ್ಟಿಲ ಮೇಲೆ. ನರ್ಸುಗಳ ಕೋಣೆಯಲ್ಲಿ ಚಹಾ ಕುದಿಯುತ್ತದೆ, ಆದರೆ ಗುಡಿಸುವವರ ಲೋಟ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ. ಅದು ಹೊರಗೇ ಯಾಕೆ ಎಂದು ಯಾರೂ ಕೇಳಿಲ್ಲ. ಯಾರೂ ಹೇಳಿಯೂ ಇಲ್ಲ.

ಅವಳ ಗಂಡ ಗ್ಯಾಸ್ ಸಿಲಿಂಡರ್ ಹೊರುವವನು. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳು, ಲಿಫ್ಟ್ ಇದ್ದರೂ ಸಿಲಿಂಡರಿಗೆ ಬಿಡದ ಹೊಸ ಕಟ್ಟಡಗಳು, ಎರಡೂ ಅವನ ಪಾಲಿಗೆ ಒಂದೇ. ಮೂವತ್ತು ಕಿಲೋ ಕಬ್ಬಿಣ ಬಲಭುಜದ ಮೇಲೆ, ನಾಲ್ಕು ಮಹಡಿ, ದಿನಕ್ಕೆ ಮೂವತ್ತು ಮನೆ. ಭುಜದ ಮೇಲೆ ಸಿಲಿಂಡರಿನ ಅಂಚು ಕೂತು ಕೂತು ನೊಗ ಹೊತ್ತ ಕೋಣನ ಹೆಗಲಿನಂತೆ ಕಪ್ಪು ದಡ್ಡು ಕಟ್ಟಿತ್ತು. ಜನ ಅವನನ್ನೂ ಸಿಲಿಂಡರ್ ಎಂದೇ ಕರೆಯುತ್ತಿದ್ದರು. "ಸಿಲಿಂಡರ್ ಬಂತು" ಎಂದರೆ ಬಂದದ್ದು ಕಬ್ಬಿಣವೋ ಮನುಷ್ಯನೋ, ಯಾರಿಗೂ ಬೇಕಾಗಿರಲಿಲ್ಲ.

ಎದೆ ಹಿಡಿದುಕೊಳ್ಳಲು ಶುರುವಾಗಿ ಆರು ತಿಂಗಳು ಅವನು ಬಾಯಿ ಬಿಡಲಿಲ್ಲ. ಗೊತ್ತಾದಾಗ ತಮಾಷೆ ಮಾಡಿದ. "ಇಪ್ಪತ್ತೈದು ವರ್ಷ ಗ್ಯಾಸ್ ಹೊತ್ತಿದ್ದೀನಿ ಕಣೇ. ಸ್ವಲ್ಪ ಒಳಗೆ ಸೇರ್ಕೊಂಡಿದೆ, ಅಷ್ಟೆ." ಸೋಡಾ ಕುಡಿದ. ಶುಂಠಿ ಅಗಿದ. ಒಂದು ಬೆಳಿಗ್ಗೆ ಯಾವುದೋ ಮನೆಯ ಮೂರನೆಯ ಮಹಡಿಯ ಮೆಟ್ಟಿಲಲ್ಲಿ ಕೂತವನು ಏಳಲಿಲ್ಲ. ಸಿಲಿಂಡರ್ ಉರುಳಿಕೊಂಡು ಕೆಳಗೆ ಹೋಯಿತು. ಮನೆಯೊಡತಿ ಓಡಿ ಬಂದು ಮೊದಲು ನೋಡಿದ್ದು ಒಡೆದ ಟೈಲ್ಸನ್ನು.

ಅವನನ್ನು ಥಿಯೇಟರಕ್ಕನ ಆಸ್ಪತ್ರೆಗೇ ತಂದರು. ದುಡ್ಡಿನ ತೊಡಕು ಇರಲಿಲ್ಲ. ಗುತ್ತಿಗೆಯ ಕೆಲಸದವರಿಗೂ ಮನೆಯವರಿಗೂ ಚಿಕಿತ್ಸೆ ಪುಕ್ಕಟೆ ಎಂಬ ಕಾರ್ಡು ಅವಳ ಬಳಿ ಇತ್ತು. ಆಂಜಿಯೋಗ್ರಾಮ್ ಮಾಡುವಾಗ ಅವಳು ಗಾಜಿನ ಹೊರಗೆ ಪೊರಕೆ ಹಿಡಿದು ನಿಂತಿದ್ದಳು. ಪರದೆಯ ಮೇಲೆ ಕಪ್ಪು ಬಳ್ಳಿಯಂತೆ ರಕ್ತನಾಳಗಳು ಹರಡಿ ಮಾಯವಾಗುವುದನ್ನು ಅವಳು ನೂರಾರು ಸಲ ನೋಡಿದ್ದಳು. ಈ ಬಳ್ಳಿ ಬುಡದಲ್ಲೇ ನವೆದಿತ್ತು. ಮೂರು ಕವಲೂ ದಾರದ ಎಳೆ. ಡಾಕ್ಟರು ಬಾಯಿ ತೆರೆಯುವ ಮೊದಲೇ ಅವಳ ಕೈಯಿಂದ ಪೊರಕೆ ಜಾರಿತು.

ಆದರೂ ಅವಳಿಗೆ ಧೈರ್ಯವಿತ್ತು. ಇಂಥವರು ಬರುವುದೇ ನಮ್ಮ ಥಿಯೇಟರಿಗೆ. ಮಲಗಿ ಬಂದವರು ನಡೆದು ಹೋಗುತ್ತಾರೆ. "ಅಪ್ಪಂದು ಆಪರೇಶನ್ ಆಗುತ್ತೆ. ನಾನೇ ಕಾಲು ಹಿಡೀತೀನಿ," ಎಂದು ಮಗಳಿಗೆ ಹೇಳಿದಳು. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿಯುವವಳು. ಮನೆಯಲ್ಲಿ ತಡವರಿಸದೆ ಓದಬಲ್ಲವಳು ಅವಳೊಬ್ಬಳೇ.

ಸಿಲಿಂಡರ್ ಹಾಸಿಗೆಯ ಮೇಲಿಂದ ನಕ್ಕ. "ಹುಷಾರು ಕಣೇ. ಮದುವೆ ಆದಾಗಿಂದ ನನ್ನ ಕಾಲು ಹಿಡಿದೋಳಲ್ಲ ನೀನು. ಅಭ್ಯಾಸ ಇಲ್ಲ, ಬೀಳಿಸಿಬಿಟ್ಟೀಯ."

ಮಾರನೆಯ ದಿನ ಡಾಕ್ಟರುಗಳು ಕೈ ತೊಳೆಯುವ ಜಾಗದಲ್ಲಿ ಅವಳು ನೆಲ ಒರೆಸುತ್ತಿದ್ದಳು. ದೊಡ್ಡ ಡಾಕ್ಟರು ಮೊಣಕೈವರೆಗೆ ನೊರೆ ಮಾಡಿಕೊಂಡು ಆಸ್ಪತ್ರೆಯ ಮ್ಯಾನೇಜರ್ ಜೊತೆ ಮಾತಾಡುತ್ತಿದ್ದರು. ನೆಲ ಒರೆಸುವವಳು ಇದ್ದಾಳೆ ಎಂದು ಯಾರೂ ದನಿ ತಗ್ಗಿಸುವುದಿಲ್ಲ. ಬಕೆಟ್ಟಿಗೆ ಕಿವಿಯುಂಟೇ?

"ಆ ಗ್ಯಾಸಿನವನದು ಪಂಪಿಂಗ್ ಇಪ್ಪತ್ತೈದು. ಈ ವರ್ಷ ಆಗಲೇ ಆರು ಸಾವು. ಏಳನೇದು ಬೇಡ."

"ತಿಂಗಳ ಕೊನೆಗೆ ಪರಿಶೀಲನೆಯವರು ಬರ್ತಾರೆ ಸಾರ್. ನೂರಕ್ಕೆ ತೊಂಬತ್ತೊಂಬತ್ತು ಜನ ಬದುಕ್ತಾರೆ ಅಂತ ಜಾಹೀರಾತು ಹೋಗಿದೆ."

"ಅದಕ್ಕೇ ಹೇಳಿದ್ದು. ಮನೆಯವರೇ ಒಪ್ಪಲಿಲ್ಲ ಅಂತ ಬರೆಸ್ಕೊಂಡು ಕಳಿಸಿ."

ಅವಳ ಕೈ ಒರೆಸುತ್ತಲೇ ಇತ್ತು. ಅದೇ ಜಾಗವನ್ನು ಹತ್ತು ಸಲ ಒರೆಸಿತು. ಪಂಪಿಂಗ್ ಎಂದರೆ ಹೃದಯ ಒಂದು ಹಿಸುಕಿಗೆ ಹೊರದೂಡುವ ರಕ್ತದ ಲೆಕ್ಕ. ಗಟ್ಟಿಮುಟ್ಟಾದವನಿಗೆ ನೂರಕ್ಕೆ ಅರವತ್ತು. ಇಪ್ಪತ್ತೈದು ಕಡಿಮೆಯೇ, ಅದು ಅವಳಿಗೂ ಗೊತ್ತು. ಆದರೆ ಹೋದ ವರ್ಷ ಊರಿನ ದೊಡ್ಡ ಮನುಷ್ಯನೊಬ್ಬ ಬಂದಿದ್ದ. ಅವನದು ಇಪ್ಪತ್ತು. ಅವನಿಗೆ ಎರಡು ದಿನ ಬೇರೆ ಯಂತ್ರ ಹಚ್ಚಿ, ಹೃದಯಕ್ಕೆ ಆಸರೆ ಕೊಟ್ಟು, ಹನ್ನೊಂದು ಗಂಟೆ ನಿಂತು ಆಪರೇಶನ್ ಮಾಡಿದ್ದರು. ಅವನ ಕಾಲನ್ನೂ ಇವಳೇ ಹಿಡಿದದ್ದು. ಹತ್ತನೆಯ ದಿನ ಹೂಗುಚ್ಛ ಹಿಡಿದು ನಡೆದುಕೊಂಡು ಹೋದ. ಫೋಟೋ ತೆಗೆದರು. ಫೋಟೋಗೆ ಅಡ್ಡ ಬರಬೇಡವೆಂದು ಇವಳನ್ನು ಬಾಗಿಲ ಹಿಂದೆ ಸರಿಸಿದ್ದರು.

ಕನ್ನಡಕದ ಡಾಕ್ಟರಮ್ಮ ಎಂದು ಎಲ್ಲರೂ ಕರೆಯುವ ಚಿಕ್ಕ ಡಾಕ್ಟರೊಬ್ಬಳಿದ್ದಳು. ಥಿಯೇಟರಕ್ಕ ಅವಳನ್ನು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದಳು.

"ನಿಜ ಹೇಳಿ ಡಾಕ್ಟರಮ್ಮ. ಅವರು ತಡ್ಕೊಳ್ಳಲ್ವಾ?"

ಡಾಕ್ಟರಮ್ಮ ಹಿಂದೆ ಮುಂದೆ ನೋಡಿದಳು. "ನಾನು ಹೇಳಿದೆ ಅಂತ ಹೇಳ್ಬೇಡಿ. ಇಂಥವರು ಹತ್ತು ಜನಕ್ಕೆ ಆಪರೇಶನ್ ಮಾಡಿದ್ರೆ ಒಂಬತ್ತು ಜನ ಎದ್ದು ಬರ್ತಾರೆ. ಒಬ್ಬರು ಹೋಗಬಹುದು. ಮಾಡ್ದೆ ಇದ್ರೆ..." ಅವಳು ಬೆರಳು ಎಣಿಸಲು ಹೋಗಿ ನಿಲ್ಲಿಸಿದಳು. "ಮಾಡೋದು ಒಳ್ಳೇದು."

"ಹಾಗಿದ್ರೆ ಮತ್ತೆ?"

"ಆ ಒಬ್ಬರು ಅವರಿಗೆ ಬೇಡ," ಎಂದಳು. ತಲೆ ತಗ್ಗಿಸಿ ಇಳಿದು ಹೋದಳು.

ಸಂಜೆ ದೊಡ್ಡ ಡಾಕ್ಟರು ಅವಳನ್ನೂ ಮಗಳನ್ನೂ ಕೋಣೆಗೆ ಕರೆಸಿದರು. ಅವಳ ಮುಖ ನೋಡಿ ಒಂದು ಕ್ಷಣ ಗುರುತು ಹತ್ತಲಿಲ್ಲ. ಮಾಸ್ಕ್ ಇಲ್ಲದ ಆ ಮುಖವನ್ನು ಹದಿನಾಲ್ಕು ವರ್ಷಗಳಲ್ಲಿ ಅವರು ನೋಡಿಯೇ ಇರಲಿಲ್ಲ.

"ಓ, ನಮ್ಮ ಆಯಾ. ನಿನ್ನ ಗಂಡನಾ? ನೋಡು, ಹಾರ್ಟ್ ತುಂಬಾ ವೀಕು. ಮಾತ್ರೆ ಬರ್ಕೊಡ್ತೀನಿ. ಮನೇಲಿ ಆರಾಮಾಗಿ ಇಟ್ಕೊ."

"ಮಾತ್ರೇಲಿ ಸರಿಹೋಗುತ್ತಾ ಸಾರ್?"

"ದೇವರಿದ್ದಾನೆ."

ಆಪರೇಶನ್ ಮಾಡುವ ದಿನಗಳಲ್ಲಿ ಅವರು ಮನೆಯವರಿಗೆ ಹೇಳುತ್ತಿದ್ದದ್ದು 'ನಾನಿದ್ದೀನಿ' ಎಂದು. ಮಾಡದಿರುವ ದಿನ ದೇವರಿದ್ದ.

"ಹೋದ ವರ್ಷ ಇಪ್ಪತ್ತು ಇದ್ದೋರಿಗೆ ಮಾಡಿದ್ರಿ ಸಾರ್," ಎಂದಳು. "ನಮ್ಮವರದು ಇಪ್ಪತ್ತೈದಿದೆ."

ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನೆಲ ಒರೆಸೋಳು ನೆಲ ನೋಡ್ಬೇಕಮ್ಮ. ಪರದೆ ನೋಡಬಾರದು."

ಮಗಳ ಕಿವಿ ಕೆಂಪಾಯಿತು. ಥಿಯೇಟರಕ್ಕ ಕೆಳಗೆ ಕೂತಳು. ಮೇಜಿನ ಕೆಳಗೆ ಕೈ ಚಾಚಿ ದೊಡ್ಡ ಡಾಕ್ಟರ ಬೂಟು ಮುಟ್ಟಿದಳು. ಎಷ್ಟೋ ಜನರ ಕಾಲು ಹಿಡಿದ ಕೈ ಅದು. ಬೇಡಲು ಹಿಡಿದದ್ದು ಇದೇ ಮೊದಲು. ಅವರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. "ಸಿಸ್ಟರ್," ಎಂದು ಕೂಗಿದರು. "ಆ ಫಾರಂ ತನ್ನಿ."

ಹೆಡ್ ಸಿಸ್ಟರ್ ಫಾರಂ ತಂದು ಎದುರಿಗಿಟ್ಟಳು. ಸಹಿ ಮಾಡುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಯೇ ತಂದಿದ್ದಳು. "ಇಲ್ಲೊಂದು ಹಾಕಿಬಿಡು. ನಾಳೆ ಕರ್ಕೊಂಡು ಹೋಗಬಹುದು."

"ಓದು," ಎಂದಳು ತಾಯಿ.

ಮಗಳು ಓದಿದಳು. "ರೋಗಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸುವಂತೆ ಸಲಹೆ ನೀಡಲಾಗಿದ್ದು, ಅದರ ಸಾಧಕ ಬಾಧಕಗಳನ್ನು ವಿವರಿಸಿದ ನಂತರ ರೋಗಿಯ ಕಡೆಯವರು ಸ್ವಇಚ್ಛೆಯಿಂದ ನಿರಾಕರಿಸಿರುತ್ತಾರೆ."

"ಅಂದ್ರೆ?"

"ಆಪರೇಶನ್ ಮಾಡ್ತೀವಿ ಅಂತ ಇವರಂದ್ರು, ನಾವು ಬೇಡ ಅಂದ್ವಿ. ಹಾಗಂತ."

ಥಿಯೇಟರಕ್ಕ ನೆಲದಿಂದ ಎದ್ದಳು. ಸೀರೆಯ ಮಡಿಕೆ ಸರಿ ಮಾಡಿಕೊಂಡಳು.

"ನಾನು ಬೇಡ ಅಂದಿಲ್ಲ. ಈಗಷ್ಟೇ ಕಾಲಿಗೆ ಬಿದ್ದು ಬೇಕು ಅಂದೆ. ಬೇಡ ಅಂದೋರು ನೀವು. ನೀವೇ ಬರೀರಿ, ನೀವೇ ಸಹಿ ಹಾಕಿ."

"ಏ, ಯಾರ ಹತ್ರ ಮಾತಾಡ್ತಿದ್ದೀಯ?" ಎಂದಳು ಹೆಡ್ ಸಿಸ್ಟರ್.

"ಗೊತ್ತು ಸಿಸ್ಟರ್. ಅವರು ಚೆಲ್ಲಿದ ರಕ್ತ ನಾನೇ ಒರೆಸಿದ್ದೀನಿ. ಈ ಸುಳ್ಳು ಒರೆಸೋದು ನನ್ನ ಕೈಲಾಗಲ್ಲ."

ಪೆನ್ನು ಮುಟ್ಟದೆ ಹೊರಗೆ ಬಂದಳು.

ಮಾರನೆಯ ಬೆಳಿಗ್ಗೆಯೇ ಅವಳ ಹೆಸರು ಥಿಯೇಟರಿನ ಪಟ್ಟಿಯಲ್ಲಿರಲಿಲ್ಲ. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಆಸ್ಪತ್ರೆಯ ಎಲ್ಲ ಮಹಡಿಗಳ ಹೊಲಸು ಬಟ್ಟೆ ಅಲ್ಲಿಗೆ ಬೀಳುತ್ತದೆ. ರಕ್ತ, ಕೀವು, ಮಲ. ಯಂತ್ರಕ್ಕೆ ಹಾಕುವ ಮೊದಲು ಕೈಯಿಂದ ಬೇರೆ ಮಾಡಬೇಕು. ಒಮ್ಮೊಮ್ಮೆ ಬಟ್ಟೆಯೊಳಗೆ ಸೂಜಿ ಇರುತ್ತದೆ. ಮೂರನೆಯ ದಿನ ಎಡಗೈ ಹೆಬ್ಬೆರಳಿಗೆ ಒಂದು ಚುಚ್ಚಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೈಗವಸು ಯಾಕೆ ಹಾಕಲಿಲ್ಲ ಎನ್ನುತ್ತಾರೆ. ಕೈಗವಸು ಕೊಟ್ಟವರಾರು?

ಸಹಿ ಇಲ್ಲದೆ ಸಿಲಿಂಡರನನ್ನು ಮನೆಗೆ ಕಳಿಸುವಂತಿರಲಿಲ್ಲ. ದಾರಿಯಲ್ಲಿ ಏನಾದರೂ ಆದರೆ ಆಸ್ಪತ್ರೆಯ ತಲೆಗೆ ಬರುತ್ತದೆ. ವಾರ್ಡಿನಲ್ಲಿ ಇಟ್ಟುಕೊಳ್ಳುವ ಮನಸ್ಸೂ ಇರಲಿಲ್ಲ. ಐದನೆಯ ಮಹಡಿಯಲ್ಲಿ ಬಟ್ಟೆಯ ಕಪಾಟುಗಳ ಪಕ್ಕದ ಕಾರಿಡಾರಿಗೆ ಅವನ ಮಂಚ ತಳ್ಳಿದರು. ಹೋಗುವ ಬರುವ ಗಾಡಿಗಳೆಲ್ಲ ಮಂಚದ ಕಾಲಿಗೆ ತಾಗುತ್ತಿದ್ದವು. ಪ್ರತಿ ಸಲ ತಾಗಿದಾಗಲೂ ಅವನು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದ.

ಮಗಳು ಕಾರ್ಖಾನೆಗೆ ರಜೆ ಹಾಕಿ ಫೈಲಿನ ಪ್ರತಿ ಹಿಡಿದು ಓಡಾಡಿದಳು. ಒಂದು ಆಸ್ಪತ್ರೆಯವರು ಫೈಲು ತಿರುವಿ, "ಅವರೇ ಕೈಬಿಟ್ಟದ್ದನ್ನ ನಾವು ಹಿಡ್ಕೊಳ್ಳೋಕಾಗುತ್ತಾ?" ಎಂದರು. ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಒಂದು ಚೀಟಿ ಕೊಟ್ಟರು. ಐದು ತಿಂಗಳ ನಂತರದ ತಾರೀಖು ಅದರಲ್ಲಿತ್ತು.

"ಐದು ತಿಂಗಳಾ?" ಸಿಲಿಂಡರ್ ಚೀಟಿ ನೋಡಿ ನಗಲು ಹೋದ. ನಗುವಿಗೂ ಉಸಿರು ಬೇಕು. ಅರ್ಧಕ್ಕೇ ನಿಲ್ಲಿಸಿದ. "ಮನೇಲಿ ಗ್ಯಾಸ್ ಖಾಲಿ ಆದ್ರೂ ಇಷ್ಟು ಕಾಯಿಸ್ತಿರಲಿಲ್ಲ ನಾವು."

ಒಂದು ಮಧ್ಯಾಹ್ನ ಅವಳು ನೆಲಮಾಳಿಗೆಯಿಂದ ಮೇಲೆ ಬಂದು ಅವನಿಗೆ ಗಂಜಿ ಕುಡಿಸುತ್ತಿದ್ದಳು. ಅವನು ಚಮಚ ತಡೆದ.

"ಸಹಿ ಹಾಕಿಬಿಡೇ."

"ಸುಮ್ನೆ ಕುಡೀರಿ."

"ನಾನಂತೂ ಹೋಗೋನು. ನಿನ್ನ ಕೆಲಸ ಯಾಕೆ ಹೋಗ್ಬೇಕು? ಒಂದು ಗೀಟು ಎಳೆದ್ರೆ ಮುಗೀತು."

"ನಾಳೆ ಯಾರಾದ್ರೂ ಆ ಕಾಗದ ಓದಿದ್ರೆ ಏನಂತ ತಿಳ್ಕೋತಾರೆ? ಇವನ ಹೆಂಡ್ತಿನೇ ಇವನನ್ನ ಬೇಡ ಅಂದ್ಲು ಅಂತಾರೆ."

"ಯಾರು ಓದ್ತಾರೆ? ನಿಮ್ಮಪ್ಪನ ಮನೆಯೋರಾ?"

"ಯಾರೂ ಓದ್ದೇ ಇರಲಿ. ನನಗೆ ಗೊತ್ತಿರುತ್ತಲ್ಲ."

ದಡ್ಡುಗಟ್ಟಿದ ಭುಜ ಅಂಗಿಯೊಳಗೆ ಕುಗ್ಗಿಹೋಗಿತ್ತು. "ಹಠಮಾರಿ," ಎಂದ. ಬಾಯಿ ತೆರೆದ. ಅವಳು ಚಮಚ ಇಟ್ಟಳು.

ಎದುರಿಗೆ ಹಠ ತೋರಿಸಿದವಳು ನೆಲಮಾಳಿಗೆಗೆ ಇಳಿದು ಹೊಲಸು ಬಟ್ಟೆಯ ರಾಶಿಯ ಮೇಲೆ ಕೂತು ಅತ್ತಳು. ಸಹಿ ಹಾಕಿದರೆ ಅವನು ಕೊನೆಯ ದಿನಗಳನ್ನಾದರೂ ಮನೆಯಲ್ಲಿ ಕಳೆಯುತ್ತಿದ್ದ. ಗಾಡಿ ತಾಗದ ಹಾಸಿಗೆಯಲ್ಲಿ ಮಲಗುತ್ತಿದ್ದ. ಹಾಕದೇ ಇದ್ದರೆ ಆಪರೇಶನ್ ಆಗುತ್ತದೆಯೇ? ಅದೂ ಇಲ್ಲ. ಅತ್ತ ದರಿ, ಇತ್ತ ಪುಲಿ. ನಾನು ಹಿಡಿದದ್ದು ಸತ್ಯವೋ, ಅವನ ಜೀವ ಹಿಂಡುವ ಹಗ್ಗವೋ? ಕೇಳಲು ಯಾರೂ ಇರಲಿಲ್ಲ. ಯಂತ್ರ ತಿರುಗುತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವಾರ್ಡಿನ ಕಸಗುಡಿಸುವ ಹೆಂಗಸು ನೆಲಮಾಳಿಗೆಗೆ ಓಡಿಬಂದಳು. "ಅಕ್ಕಾ, ಬಾ. ಬೇಗ ಬಾ."

ಲಿಫ್ಟಿನಲ್ಲಿ ಊಟದ ಗಾಡಿಗಳಿದ್ದವು. ಮೆಟ್ಟಿಲು ಹತ್ತಿದಳು. ಐದು ಮಹಡಿ ಮತ್ತು ನೆಲಮಾಳಿಗೆ. ಮೂರನೆಯ ಮಹಡಿಯಲ್ಲಿ ಉಸಿರು ಕಟ್ಟಿತು. ಕಂಬಿ ಹಿಡಿದು ನಿಂತಳು. ಇವನು ದಿನಾ ಇದನ್ನೇ ಮೂವತ್ತು ಕಿಲೋ ಹೊತ್ತು ಹತ್ತಿದ್ದು. ಮತ್ತೆ ಹತ್ತಿದಳು.

ಕಾರಿಡಾರಿನಲ್ಲಿ ಕನ್ನಡಕದ ಡಾಕ್ಟರಮ್ಮ ಮಂಚದ ಮೇಲೆ ಮಂಡಿಯೂರಿ ಅವನ ಎದೆ ಒತ್ತುತ್ತಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಮೆತ್ತನೆಯ ಹಾಸಿಗೆ ಒಳಗಿಳಿಯುತ್ತಿತ್ತು, ಎದೆ ಇಳಿಯುತ್ತಿರಲಿಲ್ಲ. ಬೆನ್ನಿನ ಕೆಳಗಿಡುವ ಹಲಗೆ ವಾರ್ಡಿನೊಳಗಿತ್ತು, ಯಾರೂ ತಂದಿರಲಿಲ್ಲ. ಲಟ್ ಎಂದು ಒಂದು ಪಕ್ಕೆಲುಬು ಮುರಿಯಿತು. ಎದೆಯ ಮೂಳೆಯ ಸದ್ದು ಥಿಯೇಟರಕ್ಕನಿಗೆ ಹೊಸದಲ್ಲ. ಆದರೆ ಥಿಯೇಟರಿನಲ್ಲಿ ಮೂಳೆ ಮುರಿದರೆ ಒಳಗೆ ರಿಪೇರಿ ನಡೆಯುತ್ತಿತ್ತು.

"ಬಿಡಿ ಡಾಕ್ಟರಮ್ಮ," ಎಂದಳು. "ಸಾಕು. ನೋಯುತ್ತೆ ಅವರಿಗೆ."

ಡಾಕ್ಟರಮ್ಮ ಕೆಳಗಿಳಿದಳು. ಜಾರಿದ ಕನ್ನಡಕ ಮೇಲೇರಿಸಿಕೊಂಡಳು.

ಹೆಣವನ್ನು ಕೆಳಗೆ ತಣ್ಣನೆಯ ಕೋಣೆಗೆ ಒಯ್ದರು. ಬಿಡಿಸಿಕೊಳ್ಳಲು ಕೌಂಟರಿನಲ್ಲಿ ಕಾಗದಕ್ಕೆ ಸಹಿ ಹಾಕಬೇಕು. ತಾಯಿ ಮಗಳು ಸಾಲಿನಲ್ಲಿ ನಿಂತರು. ಮುಂದೆ ನಾಲ್ಕು ಜನ. ಸರದಿ ಬಂದಾಗ ಕೌಂಟರಿನವನು ಯಂತ್ರದಿಂದ ಹಾಳೆ ಎಳೆದು ಮುಂದಿಟ್ಟ. ದಾರ ಕಟ್ಟಿದ ಪೆನ್ನನ್ನೂ ಕೊಟ್ಟ.

"ಓದು," ಎಂದಳು ತಾಯಿ.

ಮಗಳು ಮನಸ್ಸಿನಲ್ಲೇ ಓದಿಕೊಂಡಳು. ಅವಳ ತುಟಿ ಬಿಗಿಯಿತು.

"ಇದೆಯಾ ಅದು?"

"ಇದೆ ಅಮ್ಮ. ಮನೆಯವರು ನಿರಾಕರಿಸಿದ್ದರಿಂದ ಅಂತ ಇದೆ."

"ಯಾವ ಸಾಲು? ಬೆರಳಿಟ್ಟು ತೋರಿಸು."

ಮಗಳು ಬೆರಳಿಟ್ಟಳು. ಥಿಯೇಟರಕ್ಕ ಪೆನ್ನನ್ನು ಪೊರಕೆಯಂತೆ ಮುಷ್ಟಿಯಲ್ಲಿ ಹಿಡಿದು ಆ ಸಾಲಿನ ಮೇಲೆ ಎಡದಿಂದ ಬಲಕ್ಕೆ ಎಳೆದಳು. ಮತ್ತೆ ಎಳೆದಳು. ಅಕ್ಷರ ಒಂದೂ ಕಾಣದಂತೆ ಎಳೆದಳು.

"ಏನಮ್ಮ ಮಾಡ್ತಿದ್ದೀಯ?"

"ಸುಳ್ಳು ಹೊಡೆದು ಹಾಕ್ತಿದ್ದೀನಿ. ಉಳಿದದ್ದಕ್ಕೆ ಸಹಿ ಹಾಕ್ತೀನಿ."

"ಗೀಚಿದ ಹಾಳೆ ನಡೆಯಲ್ಲಮ್ಮ." ಅವನು ಇನ್ನೊಂದು ಹಾಳೆ ತೆಗೆದ. ಅವಳು ಅದನ್ನೂ ಹೊಡೆದಳು. ಅವನು ಮತ್ತೊಂದು ತೆಗೆದ. ಮೂರನೆಯದರಲ್ಲಿ ಪೆನ್ನಿನ ಮೊನೆ ಕಾಗದ ಹರಿದು ಮೇಜಿಗೆ ನಾಟಿತು. ಸಾಲಿನಲ್ಲಿದ್ದವರು ಗೊಣಗಿದರು. ಹೊತ್ತಾಗುತ್ತಮ್ಮ, ನಮ್ಮದೂ ಹೆಣವೇ, ಎಂದರು ಯಾರೋ.

ಐದನೆಯ ಹಾಳೆ ಕೊಡುವಾಗ ಕೌಂಟರಿನವನ ದನಿ ಮೆತ್ತಗಾಯಿತು. ಅವನೇನೂ ಕೆಟ್ಟವನಲ್ಲ. "ನೋಡಮ್ಮ, ಇದು ನಾನು ಬರೆದದ್ದಲ್ಲ. ಕಂಪ್ಯೂಟರಲ್ಲಿ ಮೇಲಿನೋರು ಹಾಕಿರೋದು. ನೀನು ನೂರು ಹಾಳೆ ಹೊಡೆದು ಹಾಕು, ಒಳಗೆ ಅದು ಹಾಗೇ ಇರುತ್ತೆ. ನಿನ್ನ ಗೀಟು ಅಲ್ಲಿಗೆ ಮುಟ್ಟಲ್ಲ."

ಅವಳು ಯಂತ್ರವನ್ನು ನೋಡಿದಳು. ಅದರ ಬಾಯಿಂದ ಬಿಸಿ ಹಾಳೆಯ ತುದಿ ಇಣುಕಿತ್ತು. ಎಷ್ಟು ಬೇಕಾದರೂ ಕೊಡುತ್ತದೆ ಅದು. ಅವಳ ಮುಷ್ಟಿ ಸಡಿಲವಾಯಿತು. ಮಗಳು ಮೆಲ್ಲಗೆ ಪೆನ್ನು ತೆಗೆದುಕೊಂಡಳು.

"ಅಪ್ಪ ಅಲ್ಲಿ ಒಬ್ಬರೇ ಇದ್ದಾರಮ್ಮ. ತಣ್ಣಗಿದೆ ಅಲ್ಲಿ."

ಮಗಳು ಸಹಿ ಹಾಕಿದಳು. ಕಾಲರು ಹೊಲಿಯುವ ಕೈಯ ನೆಟ್ಟನೆಯ ಅಕ್ಷರ. ಕೌಂಟರಿನವನು ಸೀಲು ಒತ್ತಿದ. ಹೊಡೆದುಹಾಕಿದ ನಾಲ್ಕು ಹಾಳೆಗಳನ್ನು ಮುದುರಿ ಕಸದ ಬುಟ್ಟಿಗೆ ಎಸೆದ. "ಮುಂದಿನವರು ಬನ್ನಿ."

ತಾಯಿ ಸಾಲಿನಿಂದ ಪಕ್ಕಕ್ಕೆ ಸರಿದಳು. ಹಿಂದೆ ನಿಂತಿದ್ದ ಹೆಂಗಸು ಮುಂದೆ ಬಂದಳು. ವಯಸ್ಸು ಇನ್ನೂ ಮೂವತ್ತು ದಾಟಿರಲಾರದು. ಕಾಲಲ್ಲಿ ಸಿಮೆಂಟಿನ ಪುಡಿ ಹಾಗೇ ಇತ್ತು. ಸೀದಾ ಕೆಲಸದಿಂದ ಬಂದಿದ್ದಳು. ಅವಳ ಕೈಯಲ್ಲೂ ಒಂದು ಕಾಗದವಿತ್ತು.

ಥಿಯೇಟರಕ್ಕ ಅವಳ ಮುಂಗೈ ಹಿಡಿದಳು.

"ತಂಗಿ, ಸಹಿ ಹಾಕೋಕೆ ಮುಂಚೆ ಯಾರ ಹತ್ರನಾದ್ರೂ ಓದಿಸ್ಕೊ. ಏನಂತ ಬರೆದಿದ್ದಾರೆ ಕೇಳ್ಕೊ."

ಹೆಂಗಸು ಕಾಗದವನ್ನು ನೋಡಿದಳು. ಆಮೇಲೆ ಇವಳನ್ನು ನೋಡಿದಳು. ಹೆಬ್ಬೆಟ್ಟು ಎತ್ತಿ ತೋರಿಸಿದಳು. ನೀಲಿ ಶಾಯಿ ಇನ್ನೂ ಆರಿರಲಿಲ್ಲ.

"ವಾರ್ಡಲ್ಲೇ ಒತ್ತಿಸ್ಕೊಂಡ್ರು ಅಕ್ಕಾ," ಎಂದಳು.